ಕಾಲೇಜಿನ ಮೇಲ್ ವ್ಯವಸ್ಥೆ ಬದಲಾದಾಗ: ಫಾರ್ವರ್ಡಿಂಗ್, ಪಾಪ್, ಥಂಡರ್‌ಬರ್ಡ್

ಹಾಸನದ ನಮ್ಮ ಕಾಲೇಜು ಹಳೆಯ ಮೇಲ್ ಸರ್ವರನ್ನು ಬಿಟ್ಟು ಹೊಸ ಡೊಮೈನ್‌ನೊಂದಿಗೆ (ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗ) ಸಂಸ್ಥೆಗಳಿಗೆ ಜಿಮೇಲ್ ಒದಗಿಸುವ ಗೂಗಲ್ ವರ್ಕ್‌ಸ್ಪೇಸ್‌ಗೆ ಹೋದಾಗ, ಹಳೆಯ ವಿಳಾಸಗಳು ಇನ್ನು ಆರು ತಿಂಗಳು ಮಾತ್ರ ಇರುತ್ತವೆ ಎಂಬ ಸುತ್ತೋಲೆ ಬಂದಿತು. ಆ ಅವಧಿಯಲ್ಲಿ ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ: ಹಳೆಯ ಸರ್ವರಿನಿಂದ ಎಲ್ಲ ಮೇಲ್‌ಗಳನ್ನು ಫಾರ್ವರ್ಡ್ ಮಾಡಿಸುವುದು, ಜಿಮೇಲ್ ತಾನೇ ಪಾಪ್ (ಬೇರೆ ಸರ್ವರಿನಿಂದ ಮೇಲ್ ಇಳಿಸಿಕೊಳ್ಳುವ ವಿಧಾನ) ಮೂಲಕ ಅವುಗಳನ್ನು ತಂದುಕೊಳ್ಳುವಂತೆ ಮಾಡುವುದು, ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಎರಡೂ ಖಾತೆಗಳನ್ನು ಐಮ್ಯಾಪ್ (ಮೇಲ್‌ಗಳನ್ನು ಸರ್ವರಿನಲ್ಲೇ ಇಟ್ಟು ನೋಡುವ ವಿಧಾನ) ಮೂಲಕ ತೆರೆದಿಟ್ಟುಕೊಳ್ಳುವುದು. ನಾನು ಉಳಿಸಿಕೊಂಡದ್ದು ಮೂರನೆಯದನ್ನು. ಮೊದಲನೆಯದನ್ನು ನಂಬಿದ್ದರಿಂದ ಒಬ್ಬ ವಿದ್ಯಾರ್ಥಿನಿಯ ಅರ್ಜಿಯೇ ಕೈತಪ್ಪುವುದರಲ್ಲಿತ್ತು.

ಫಾರ್ವರ್ಡಿಂಗ್ ಹೊಂದಿಸಲು ಎರಡು ನಿಮಿಷ ಸಾಕಾಯಿತು. ಮೂರು ವಾರ ಪ್ರಕಾಶಕರ ಪಟ್ಟಿಗಳು, ವಿಚಾರ ಸಂಕಿರಣದ ಆಹ್ವಾನಗಳು ಎಲ್ಲವೂ ಬರುತ್ತಿದ್ದುದರಿಂದ ನಿಶ್ಚಿಂತೆಯಿಂದಿದ್ದೆ. ಒಂದು ಸಂಜೆ ಆಲೂರಿನಿಂದ ಬರುವ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮೇಡಂ, ನಿಮ್ಮ ಶಿಫಾರಸು ಪತ್ರ ಇನ್ನೂ ಬಂದಿಲ್ಲ ಅಂತ ತೋರಿಸ್ತಿದೆ. ನಾಳೆನೇ ಕೊನೇ ದಿನ,” ಎಂದಳು. ಎಂ.ಎಸ್ಸಿ. ಪ್ರವೇಶಕ್ಕೆ ಅವಳು ನನ್ನ ಹಳೆಯ ವಿಳಾಸವನ್ನು ಕೊಟ್ಟಿದ್ದಳು. ಪತ್ರ ಸಲ್ಲಿಸುವ ಲಿಂಕ್ ನನ್ನ ಇನ್‌ಬಾಕ್ಸ್‌ನಲ್ಲಿ ಇರಲಿಲ್ಲ, ಸ್ಪ್ಯಾಮ್‌ನಲ್ಲಿಯೂ ಇರಲಿಲ್ಲ. ಫಾರ್ವರ್ಡ್ ಮಾಡುವಾಗ ಒಂದು ಪ್ರತಿಯನ್ನು ಹಳೆಯ ಖಾತೆಯಲ್ಲಿ ಉಳಿಸುವ ಆಯ್ಕೆಗೆ ನಾನು ಗುರುತು ಹಾಕಿರದ ಕಾರಣ ಅಲ್ಲಿಯೂ ಏನೂ ಇರಲಿಲ್ಲ. ಪ್ರವೇಶ ಕಚೇರಿಗೆ ಫೋನ್ ಮಾಡಿದಾಗ, ಅವರು ತಮಗೆ ವಾಪಸಾಗಿದ್ದ ಸಂದೇಶವನ್ನು ಕಳುಹಿಸಿಕೊಟ್ಟರು. ಅದರಲ್ಲಿ 550 5.7.26 ಎಂಬ ಸಂಖ್ಯೆಯಿತ್ತು, ಅಂದರೆ ಕಳುಹಿಸಿದವರ ಗುರುತು ದೃಢಪಡದ ಕಾರಣ ಜಿಮೇಲ್ ಪತ್ರವನ್ನು ತಿರಸ್ಕರಿಸಿತ್ತು. ಅವರು ಲಿಂಕನ್ನು ಹೊಸ ವಿಳಾಸಕ್ಕೆ ಮತ್ತೆ ಕಳುಹಿಸಿದ್ದರಿಂದ ಅದೇ ರಾತ್ರಿ ಶಿಫಾರಸು ಸಲ್ಲಿಸಲು ಸಾಧ್ಯವಾಯಿತು.

ಹೀಗೇಕಾಯಿತು ಎಂದು ಹುಡುಕಿಕೊಂಡು ಹೋದಾಗ ತಿಳಿದದ್ದನ್ನು ಇಲ್ಲಿ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬೇರೆ ಕಾಲೇಜುಗಳಲ್ಲಿಯೂ ಇದೇ ಆಗಬಹುದು. ಮೇಲ್ ನಿಜವಾಗಿಯೂ ಹೇಳಿಕೊಂಡವರಿಂದಲೇ ಬಂದಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಎಸ್‌ಪಿಎಫ್ ಎಂಬುದು ಕಳುಹಿಸಿದ ಸರ್ವರಿಗೆ ಆ ಡೊಮೈನ್‌ನ ಅನುಮತಿ ಇದೆಯೇ ಎಂದು ನೋಡುತ್ತದೆ. ಡಿಕಿಮ್ ಎಂಬುದು ಪತ್ರದ ಮೇಲಿನ ಡಿಜಿಟಲ್ ಸಹಿಯನ್ನು ಪರಿಶೀಲಿಸುತ್ತದೆ. ಫಾರ್ವರ್ಡ್ ಆದ ಮೇಲ್ ನಮ್ಮ ಸರ್ವರಿನಿಂದ ಹೊರಡುವುದರಿಂದ ಮೂಲ ಡೊಮೈನ್‌ನ ಎಸ್‌ಪಿಎಫ್ ಅಲ್ಲಿಗೇ ಮುಗಿಯಿತು. ನಮ್ಮ ಸರ್ವರ್ ಎಸ್‌ಆರ್‌ಎಸ್ ವಿಧಾನದಿಂದ ಹೊರಕವಚದ ವಿಳಾಸವನ್ನು (ಸರ್ವರುಗಳು ಮಾತ್ರ ನೋಡುವ, ಕಳುಹಿಸಿದವರ ವಿಳಾಸ) ತನ್ನ ಡೊಮೈನ್‌ಗೆ ಬದಲಿಸುತ್ತಿದ್ದುದರಿಂದ ಆ ಪರೀಕ್ಷೆಯನ್ನು ಹೇಗೋ ದಾಟುತ್ತಿತ್ತು. ಆದರೆ ಪತ್ರದಲ್ಲಿ ಓದುಗರಿಗೆ ಕಾಣುವ ಡೊಮೈನ್ ಬೇರೆಯಾಗಿರುವುದರಿಂದ, ಈ ಎರಡು ಡೊಮೈನ್‌ಗಳ ಹೊಂದಿಕೆಯನ್ನು ಕೇಳುವ ಡಿಮಾರ್ಕ್ ನಿಯಮ ಅದನ್ನು ಒಪ್ಪುವುದಿಲ್ಲ. ಉಳಿದದ್ದು ಡಿಕಿಮ್ ಸಹಿ. ಅದನ್ನು ನಾವೇ ಕೆಡಿಸುತ್ತಿದ್ದೆವು: ಹೊರಗಿನಿಂದ ಬಂದ ಪ್ರತಿಯೊಂದು ಮೇಲ್‌ನ ವಿಷಯದ ಸಾಲಿನ ಮುಂದೆ ನಮ್ಮ ಸರ್ವರ್ “ಹೊರಗಿನ ಪತ್ರ” ಎಂದು ಸೇರಿಸುತ್ತಿತ್ತು. ಸಹಿ ಆ ಸಾಲನ್ನೂ ಒಳಗೊಂಡಿದ್ದರೆ, ಸೇರಿದ ಎರಡು ಪದಗಳೇ ಅದನ್ನು ಅಮಾನ್ಯಗೊಳಿಸಲು ಸಾಕು.

ಇದರ ಪರಿಣಾಮವೇ ನನಗೆ ಹೆಚ್ಚು ಸಂಕಟ ತಂದದ್ದು. ಪರೀಕ್ಷೆಯಲ್ಲಿ ಸೋತ ಪತ್ರವನ್ನು ತಿರಸ್ಕರಿಸಿ ಎಂದು ಡಿಮಾರ್ಕ್‌ನಲ್ಲಿ ಘೋಷಿಸಿಕೊಳ್ಳುವವರು ಬ್ಯಾಂಕುಗಳು ಮತ್ತು ಎಚ್ಚರಿಕೆಯಿಂದ ವ್ಯವಹರಿಸುವ ಸಂಸ್ಥೆಗಳು. ಹಾಗಾಗಿ ಬೇಕಾದ ಪತ್ರಗಳು ಹಿಂದಿರುಗಿದವು, ಬೇಡದವು ಬಂದವು, ನಾನು ಎಲ್ಲವೂ ಬರುತ್ತಿದೆ ಎಂದು ತಿಳಿದೆ. ತಿರಸ್ಕಾರದ ಸಂದೇಶವೂ ಮೂಲ ಕಳುಹಿಸಿದವರಿಗೇ ಹೋಗುವುದರಿಂದ ನಮ್ಮ ಕಡೆ ಯಾರಿಗೂ ಸುಳಿವು ಸಿಗಲಿಲ್ಲ. ಮಧ್ಯದ ಸರ್ವರ್ ತಾನು ಕಂಡ ಪರೀಕ್ಷಾ ಫಲಿತಾಂಶಕ್ಕೆ ಸಹಿ ಹಾಕಿ ಮುಂದೆ ಕಳುಹಿಸುವ ಆರ್ಕ್ ಎಂಬ ವಿಧಾನ 2019ರಲ್ಲಿ ಪ್ರಕಟವಾಗಿದೆ. ನಮ್ಮ ಹಳೆಯ ತಂತ್ರಾಂಶದಲ್ಲಿ ಅದು ಇರಲಿಲ್ಲ. ಸರ್ವರ್ ನೋಡಿಕೊಳ್ಳುವವರು ಕೇಳಿದ ಕೂಡಲೇ ಆ ಎರಡು ಪದಗಳನ್ನು ತೆಗೆಸಿಕೊಟ್ಟರು, ಸಹಿಯಿರುವ ಪತ್ರಗಳು ಬರತೊಡಗಿದವು. ಆದರೆ ಕಳೆದುಹೋದದ್ದು ಕಳೆದುಹೋಗಿದೆ ಎಂದು ಸಹ ತಿಳಿಸದ ವ್ಯವಸ್ಥೆಯ ಮೇಲೆ ನನಗೆ ಮತ್ತೆ ಭರವಸೆ ಮೂಡಲಿಲ್ಲ.

ಪಾಪ್ ವಿಧಾನದಲ್ಲಿ ಈ ತೊಂದರೆಯಿರಲಿಲ್ಲ, ಏಕೆಂದರೆ ಪತ್ರ ಮೊದಲು ಹಳೆಯ ಪೆಟ್ಟಿಗೆಯಲ್ಲಿ ಇಳಿಯುತ್ತಿತ್ತು. ಅದು ಇನ್‌ಬಾಕ್ಸನ್ನು ಮಾತ್ರ ತರುತ್ತಿತ್ತು, ಉಪ ಫೋಲ್ಡರುಗಳನ್ನಲ್ಲ. ಎಷ್ಟು ಹೊತ್ತಿಗೊಮ್ಮೆ ತರಬೇಕು ಎಂಬುದು ನಮ್ಮ ಕೈಯಲ್ಲಿರಲಿಲ್ಲ. ಇದರ ಜೊತೆಗೆ, 2026ರ ಜನವರಿಯಿಂದ ಈ ಸೌಲಭ್ಯಕ್ಕೆ ಬೆಂಬಲ ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದ್ದರಿಂದ ಮುಂದುವರಿಸಲಿಲ್ಲ.

ಥಂಡರ್‌ಬರ್ಡ್ ಉಚಿತ. ಎರಡೂ ಖಾತೆಗಳು ಎಡಬದಿಯಲ್ಲಿ ಒಂದರ ಕೆಳಗೊಂದು ಕಾಣುತ್ತವೆ, ಹಳೆಯ ಫೋಲ್ಡರನ್ನು ಹಿಡಿದು ಹೊಸ ಖಾತೆಗೆ ಎಳೆದರೆ ಪ್ರತಿಯಾಗುತ್ತದೆ. ಐಮ್ಯಾಪ್ ಮೂಲಕ ದಿನಕ್ಕೆ 500 ಎಂಬಿಗಿಂತ ಹೆಚ್ಚು ಏರಿಸಲು ಗೂಗಲ್ ಬಿಡುವುದಿಲ್ಲವಾದ್ದರಿಂದ ನನ್ನ 3 ಜಿಬಿಗೆ ವಾರ ಹಿಡಿಯಿತು. ಮಳೆಗಾಲವಾದ್ದರಿಂದ ಕರೆಂಟು ಹೋದಾಗಲೆಲ್ಲ ಒಂದೊಂದು ವರ್ಷದ ಫೋಲ್ಡರನ್ನು ಎಣಿಸಿ ಮತ್ತೆ ಆರಂಭಿಸಬೇಕಾಯಿತು. ಹಳೆಯ ಖಾತೆಗೆ ಬಂದ ಮೇಲ್‌ಗೆ ಉತ್ತರಿಸಿದರೆ ಅದು ಹಳೆಯ ವಿಳಾಸದಿಂದಲೇ ಹೋಗುತ್ತದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಪ್ರತ್ಯುತ್ತರದ ವಿಳಾಸವನ್ನು ಹೊಸದಕ್ಕೆ ಬದಲಿಸಿಕೊಳ್ಳಬೇಕು.

ಇಡೀ ದಿನ ಮೊಬೈಲಿನಲ್ಲೇ ಮೇಲ್ ನೋಡುವವರಿಗೆ ಸರಿಪಡಿಸಿದ ಫಾರ್ವರ್ಡಿಂಗ್ ಅನುಕೂಲವಾಗಬಹುದು, ಆದರೆ ಹಳೆಯ ಖಾತೆಯಲ್ಲಿ ಪ್ರತಿ ಉಳಿಸುವುದನ್ನು ಮರೆಯಬಾರದು. ನಾನು ಸಂಜೆ ಮನೆಯ ಕಂಪ್ಯೂಟರಿನ ಮುಂದೆ ಒಮ್ಮೆ ಕುಳಿತುಕೊಳ್ಳುವವಳು, ಇದಕ್ಕಾಗಿ ಹಣ ಖರ್ಚು ಮಾಡಲು ಸಿದ್ಧಳಿಲ್ಲ. ಹಳೆಯ ಖಾತೆಗೆ ಯಾರ ಪತ್ರ ಬಂದಿದೆಯೆಂದು ನೋಡಿ, ದಿನಕ್ಕೆ ಇಬ್ಬರು ಮೂವರಿಗೆ ಹೊಸ ವಿಳಾಸ ತಿಳಿಸುತ್ತಾ ಬಂದೆ. ಸರ್ವರ್ ಮುಚ್ಚುವ ಕೊನೆಯ ವಾರದಲ್ಲಿ ಅಲ್ಲಿಗೆ ಬಂದದ್ದು ಒಬ್ಬ ಪ್ರಕಾಶಕರ ಬೆಲೆಪಟ್ಟಿ ಮತ್ತು ಗ್ಯಾಸ್ ಬುಕಿಂಗ್ ರಸೀದಿ ಮಾತ್ರ.