ಗದೆ ಬೇಕಾದಷ್ಟಿವೆ, ಮುದ್ರೆಯುಂಗುರ ಒಂದೂ ಇಲ್ಲ: ಹ್ಯಾಮ್ಲೆಟ್ ಆಡಿಸುವವರಿಗೆ ಶಿವಮೊಗ್ಗದ ಒಂದು ಡ್ರೆಸ್ ಅಂಗಡಿ

ಹೆಸರು ಬೇಡ. ಶಿವಮೊಗ್ಗದ ಹಳೇ ಪೇಟೆಯೊಳಗಿನ ಈ ಬಾಡಿಗೆ ಅಂಗಡಿ ಪೌರಾಣಿಕ ನಾಟಕದವರಿಗೂ ಸ್ಕೂಲ್ ಡೇ ಮೇಷ್ಟ್ರುಗಳಿಗೂ ಗೊತ್ತಿರುವಂಥದ್ದೇ. ಕುರುಕ್ಷೇತ್ರ ಎಂದರೆ ಸಾಕು, ಭುಜಕೀರ್ತಿಯಿಂದ ಹಿಡಿದು ಶಕುನಿಯ ದಾಳದವರೆಗೆ ಒಂದು ಗಂಟೆಯಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಎಂದಾಗ ಮಾತ್ರ ಮಾಲೀಕರು ಸ್ವಲ್ಪ ಹೊತ್ತು ಅಟ್ಟದ ಕಡೆ ನೋಡುತ್ತಾರೆ.

ಅವರ ತಪ್ಪಲ್ಲ. ಭೀಮನ ಸೇಡು ತುಂಬಿದ ಸಭೆಯಲ್ಲಿ ಶಪಥವಾಗಿ ಹುಟ್ಟಿ ಗದೆಯಲ್ಲಿ ಮುಗಿಯುತ್ತದೆ. ಹ್ಯಾಮ್ಲೆಟ್ ನಡೆಯುವ ಡೆನ್ಮಾರ್ಕಿನ ಎಲ್ಸಿನೋರ್ ಅರಮನೆಯಲ್ಲಿ ಅದು ಐದೂ ಅಂಕ ಬಾಯಿ ಮುಚ್ಚಿಕೊಂಡು ಓಡಾಡುತ್ತದೆ. ಅಲ್ಲಿ ಕೊಲೆಯೆಂದರೆ ಮಲಗಿದ ರಾಜನ, ಅಂದರೆ ಹ್ಯಾಮ್ಲೆಟ್‌ನ ಅಪ್ಪನ, ಕಿವಿಗೆ ತಮ್ಮ ಕ್ಲಾಡಿಯಸ್ ಸುರಿದ ವಿಷ. ಸಂಚೆಂದರೆ ಒಂದು ಕಾಗದ, ಒಂದು ಉಂಗುರ, ಒಂದು ಮುತ್ತು. ಅಂಗಡಿಯ ದೊಡ್ಡ ಸಾಮಾನೆಲ್ಲ ಚೆನ್ನಾಗಿದೆ. ಕೈಕೊಡುವುದು ಸಣ್ಣ ಸಾಮಾನು. ಹ್ಯಾಮ್ಲೆಟ್ ನಿಂತಿರುವುದೇ ಸಣ್ಣ ಸಾಮಾನಿನ ಮೇಲೆ.

ಉಡುಪಿನಿಂದ ಶುರು ಮಾಡೋಣ. 'ಇಂಗ್ಲಿಷ್ ರಾಜ' ಎಂಬ ಚೀಟಿ ಅಂಟಿಸಿದ ವೆಲ್ವೆಟ್ ಕೋಟುಗಳನ್ನು ತೆಗೆದುಕೊಳ್ಳಬೇಡಿ. ಬೆನ್ನಿಗೆ ಸೇಫ್ಟಿ ಪಿನ್, ಕಾಲರಿಗೆ ಹತ್ತಿ, ಮಳೆಗಾಲ ಕಳೆದ ಮೇಲೆ ಕಂಕುಳಲ್ಲಿ ಬೂಷ್ಟು. ಅದರ ಬದಲು ಕೆಳದಿ ನಾಯಕರ ಕಾಲದ ಸೆಟ್ ಕೇಳಿ: ನಿಲುವಂಗಿ, ಜರಿ ಶಲ್ಯ, ಪೇಟ, ಸೊಂಟಪಟ್ಟಿ. ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಕುವೆಂಪು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್ ಕಥೆಯನ್ನು ಆ ನಾಯಕರ ಬಿದನೂರಿಗೆ ತಂದು ಕೂರಿಸಿದವರು. 1763ರಲ್ಲಿ ಹೈದರಾಲಿಯ ಕೈಸೇರಿದ ಆ ಊರು ಇದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ. ಷೇಕ್ಸ್‌ಪಿಯರನ ಪಠ್ಯವನ್ನೇ ಆಡಿಸಿದರೂ ಈ ಉಡುಪು ಇಲ್ಲಿನ ಕಣ್ಣಿಗೆ ಅರಮನೆಯಾಗಿ ಕಾಣುತ್ತದೆ, ವೆಲ್ವೆಟ್ ಕೋಟು ಬ್ಯಾಂಡ್‌ಸೆಟ್‌ನವರಂತೆ ಕಾಣುತ್ತದೆ.

ಹ್ಯಾಮ್ಲೆಟ್‌ನ ಶೋಕದ ಬಟ್ಟೆ ಬೇರೆಯೇ ತಲೆನೋವು. ಪಠ್ಯದಲ್ಲಿ ಅವನದು ಕಪ್ಪು ಮೇಲಂಗಿ. ಅಂಗಡಿಯಲ್ಲಿ ಕಪ್ಪು ಪಂಚೆ, ಕಪ್ಪು ಶಲ್ಯ ಧಾರಾಳ. ಆದರೆ ಕಾರ್ತಿಕದಿಂದ ಸಂಕ್ರಾಂತಿಯೊಳಗೆ ಪ್ರಯೋಗವಿದ್ದು ರಾಜಕುಮಾರ ಹಾಗೆ ಬಂದನೋ, ಹಿಂದಿನ ಸಾಲಿನಿಂದ 'ಸ್ವಾಮಿ ಶರಣಂ' ಕೇಳಿಬರುವುದು ಖಂಡಿತ. ಜರಿ ಇಲ್ಲದ, ನೀಲಿ ಹಾಕದ, ಒರಟು ಬಿಳಿ ಬಟ್ಟೆ ತೆಗೆದುಕೊಳ್ಳಿ. ಗಂಡ ಸತ್ತು ಎರಡು ತಿಂಗಳು ತುಂಬುವ ಮೊದಲೇ ಮೈದುನನನ್ನು ಮದುವೆಯಾದ ತಾಯಿಗೆ ಅಂಗಡಿಯ ಅತಿ ಗಾಢ ಬಣ್ಣದ ರೇಷ್ಮೆ ಉಡಿಸಿ. ಇಡೀ ಆಸ್ಥಾನ ಮದುವೆಮನೆಯಂತಿದ್ದು ಇವನೊಬ್ಬ ಸೂತಕದಲ್ಲಿದ್ದರೆ ಮೊದಲ ಅಂಕದ ಅರ್ಧ ಕೆಲಸ ಆದಂತೆ.

ಭೂತದ ವಿಷಯಕ್ಕೆ ಬಂದರೆ, "ದೆವ್ವಕ್ಕೆ ಬಿಳಿ ಪಂಚೆ ಸಾಕಲ್ವಾ ಮೇಷ್ಟ್ರೇ, ಮುಖಕ್ಕೆ ಪೌಡರ್ ಬಳಿದರಾಯ್ತು" ಎನ್ನುತ್ತಾರೆ ಅಂಗಡಿಯವರು. ಸಾಲದು. ಮೊದಲ ಅಂಕದಲ್ಲಿ ಸತ್ತ ರಾಜ ಬರುವುದು ಅಡಿಯಿಂದ ಮುಡಿಯವರೆಗೆ ಯುದ್ಧಕವಚದಲ್ಲಿ. ಕಾವಲಿನವರು ಹೆದರಿ ದೇಶಕ್ಕೇನೋ ಕಾದಿದೆ ಎನ್ನುವುದು ಅದಕ್ಕೇ. ಕರ್ಣನಿಗೆ ಕೊಡುವ ಕವಚಗಳಲ್ಲಿ ತಗಡಿನದು ಬೇಡ, ಹೆಜ್ಜೆಹೆಜ್ಜೆಗೂ ಗಲಗಲ ಎಂದು ಮಾತು ನುಂಗುತ್ತದೆ. ರೆಕ್ಸಿನ್‌ನದು ತಂದು, ಹೊಳಪು ಹೋಗುವಂತೆ ಬೂದಿ ಉಜ್ಜಿ. ಹೊಗೆ ಯಂತ್ರವೂ ಬಾಡಿಗೆಗೆ ಸಿಗುತ್ತದೆ. ಮೊದಲೇ ಹಾಕಿ ಕಾಯಲು ಬಿಡಿ, ಮುಖ್ಯವಾಗಿ ಸಭಾಂಗಣದ ಫ್ಯಾನ್ ನಿಲ್ಲಿಸಿ. ಇಲ್ಲವಾದರೆ ಹೊಗೆಯೆಲ್ಲ ಮುಂದಿನ ಸಾಲಿನ ಅತಿಥಿಗಳಿಗೆ.

ಇನ್ನು ಕತ್ತಿ. ಹೆಚ್ಚು ಎಚ್ಚರ ಬೇಕಾದ ಜಾಗ ಇದು. ತಗಡಿನವು, ಬೆಳ್ಳಿ ಕಾಗದ ಸುತ್ತಿದ ಮರದವು, ಅಲ್ಯುಮಿನಿಯಂನವು: ಇರುವುದೆಲ್ಲ ಬೀಸುವ ಕತ್ತಿ. ಹ್ಯಾಮ್ಲೆಟ್‌ಗೂ, ಅವನ ಕೈಯಲ್ಲಿ ಅಪ್ಪನನ್ನು ಕಳೆದುಕೊಂಡ ಲೇಯರ್ಟಿಸ್‌ಗೂ ನಡೆಯುವ ಕೊನೆಯ ದ್ವಂದ್ವಕ್ಕೆ ಬೇಕಾದದ್ದು ತಿವಿಯುವ ಕತ್ತಿ. ಒತ್ತಾಯಿಸಿದರೆ ಅಟ್ಟದಿಂದ ಫೆನ್ಸಿಂಗ್ ಫಾಯಿಲ್ (ಕತ್ತಿವರಸೆ ಆಟದ ತೆಳು ಕತ್ತಿ) ಜೋಡಿ ಇಳಿಸುತ್ತಾರೆ. ಫಾಯಿಲ್ ಎಂದರೆ ಅಲಗು ಹೆಚ್ಚೆಂದರೆ 90 ಸೆಂ.ಮೀ., ಒಟ್ಟು ಉದ್ದ 110 ಸೆಂ.ಮೀ., ತೂಕ 500 ಗ್ರಾಂ ಒಳಗೆ. ಅಂಗಡಿಯಲ್ಲೇ ಹಿಡಿಯ ತುದಿಯ ನಟ್ಟು ತಿರುಗಿಸಿ ನೋಡಿ, ಸಡಿಲವಿದ್ದರೆ ಅಲಗು ಹಿಡಿಯಿಂದ ಕಳಚಿ ಹಾರುತ್ತದೆ. ಅಲಗನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಿ. ಬೆಸುಗೆ ಹಾಕಿದ್ದು ಕಂಡರೆ ಮುಟ್ಟಲೇಬೇಡಿ. ಮುರಿದ ಅಲಗಿನ ತುಂಡು ನಿಜವಾದ ಕತ್ತಿಗಿಂತ ಅಪಾಯ. ನಮ್ಮ ಮಳೆಗೆ ಉಕ್ಕು ಒಂದು ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸವರಿಡಿ, ಆದರೆ ಹಿಡಿಗೆ ತಗಲಿಸಬೇಡಿ.

ಪಂದ್ಯ ಹನ್ನೆರಡು ಸುತ್ತಿನದಾದರೂ ರಂಗದ ಮೇಲೆ ನಡೆಯುವುದು ಮೂರೇ: ಮೊದಲೆರಡು ಹ್ಯಾಮ್ಲೆಟ್‌ಗೆ, ಮೂರನೆಯದು ಯಾರಿಗೂ ಇಲ್ಲ. ಆಮೇಲೆ ಲೇಯರ್ಟಿಸ್ ನಿಯಮ ಮುರಿದು ಗೀರುತ್ತಾನೆ, ಕಚ್ಚಾಟದಲ್ಲಿ ಕತ್ತಿಗಳು ಕೈ ಬದಲಾಗುತ್ತವೆ. ಈ ಅದಲುಬದಲು ಪ್ರೇಕ್ಷಕರಿಗೆ ತಿಳಿಯದಿದ್ದರೆ ಕೊನೆಯೇ ತಿಳಿಯುವುದಿಲ್ಲ. ವಿಷದ ಕತ್ತಿಯ ಹಿಡಿಗೆ ಕೆಂಪು ದಾರ ಸುತ್ತಿ. ಅದಕ್ಕೆ ತುದಿಗುಂಡು (ಚುಚ್ಚದಂತೆ ತುದಿಗೆ ಹಾಕುವ ಗುಂಡು) ಇಲ್ಲ ಎಂದು ಪಠ್ಯ ಹೇಳುತ್ತದೆ, ನೀವು ತೆಗೆಯಬೇಡಿ. ಎರಡಕ್ಕೂ ರಬ್ಬರ್ ಇರಲಿ, ಒಂದಕ್ಕೆ ಬೆಳ್ಳಿ ಬಣ್ಣ ಹಚ್ಚಿ. ಇಬ್ಬರೂ ಒಟ್ಟಿಗೆ ಕತ್ತಿ ಬೀಳಿಸಿದರೆ ಒಂದು ಉರುಳಿ ವಿಂಗ್ ಸೇರುವುದು ಗ್ಯಾರಂಟಿ. ಹ್ಯಾಮ್ಲೆಟ್ ಎದುರಾಳಿಯ ಕತ್ತಿ ಬೀಳಿಸಿ, ಅಲಗಿನ ಮೇಲೆ ಕಾಲಿಟ್ಟು, ತನ್ನದನ್ನು ಅವನತ್ತ ಚಾಚಲಿ.

ರಕ್ತಕ್ಕೆ ಅಂಗಡಿಯವರು ಅರಿಶಿನ-ಸುಣ್ಣದ ಓಕುಳಿಯನ್ನೇ ಹೇಳುತ್ತಾರೆ. ಬಾಯಿಗೆ ಹೋದರೆ ಸುಣ್ಣ ಸುಡುತ್ತದೆ, ಬಟ್ಟೆಗೆ ಬಿದ್ದರೆ ಮುಂಗಡ ಮರೆತುಬಿಡಿ. ಬೇಕರಿ ಸಾಮಾನಿನ ಅಂಗಡಿಯ ದ್ರವ ಗ್ಲೂಕೋಸ್ 100 ಮಿ.ಲೀ., ನೀರು 20 ಮಿ.ಲೀ., ಕೆಂಪು ತಿನ್ನುವ ಬಣ್ಣ ಒಂದು ಚಮಚ, ಕೋಕೋ ಪುಡಿ ಅರ್ಧ ಚಮಚ ಕಲಸಿ. ಅಷ್ಟೂ ಖರ್ಚಾಗದು. ಇಲ್ಲಿ ಸಾಯಿಸುವುದು ಗಾಯವಲ್ಲ, ವಿಷ. ಗೀರಿಗೆ ಎರಡು ಹನಿ ಸಾಕು.

ಬಟ್ಟಲಿನ ವಿಷಯದಲ್ಲಿ ಅಂಗಡಿ ಸಂಪೂರ್ಣ ಸೋತಿದೆ. ಇರುವವೆಲ್ಲ ಚಿನ್ನದ ಬಣ್ಣದ ಪ್ಲಾಸ್ಟಿಕ್. ಕ್ಲಾಡಿಯಸ್ ಎಲ್ಲರೆದುರು ಮುತ್ತು ಹಾಕುವುದು ಬಹುಮಾನದ ಸೋಗಿನಲ್ಲಿ ವಿಷ ಬೆರೆಸಲು. ಆ ಮುತ್ತು 'ಠಣ್' ಎನ್ನಬೇಕು. ಪ್ಲಾಸ್ಟಿಕ್‌ಗೆ ಬಿದ್ದರೆ ಸಂಚಿಗೆ ಸದ್ದೇ ಇಲ್ಲ. ಮನೆಯ ಹಿತ್ತಾಳೆ ಬಟ್ಟಲು ತನ್ನಿ, ತಳ ಅಗಲವಿರಲಿ, ಒಳಗೆ ಕಲಾಯಿ ಇರಲೇಬೇಕು. ಇಲ್ಲದ್ದರಲ್ಲಿ ನಿಂಬೆ ಶರಬತ್ತು ಇಟ್ಟರೆ ಕಿಲುಬು ಬಿಟ್ಟು ರಾಣಿಗೆ ನಿಜವಾಗಿಯೇ ಹೊಟ್ಟೆ ತೊಳಸುತ್ತದೆ. ನೀರೇ ಕ್ಷೇಮ, ನೂರು ಮಿ.ಲೀ. ರಾಣಿ ಕುಡಿಯುತ್ತಾಳೆ, ರಾಜನ ಬಾಯಿಗೆ ಸುರಿಯುತ್ತಾರೆ, ಆಮೇಲೂ ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೋ ಕುಡಿಯಲು ಎತ್ತಿಕೊಂಡಾಗ ತಳದಲ್ಲಿ ಸ್ವಲ್ಪ ಉಳಿದಿರಬೇಕು.

ರಾಜನ ಮಂತ್ರಿ, ಲೇಯರ್ಟಿಸ್‌ನ ಅಪ್ಪ ಪೊಲೋನಿಯಸ್ ಅಡಗುವ ಪರದೆಯನ್ನು ತಿವಿಯಲು ಅಂಗಡಿಯವರು ಬಿಡುವುದಿಲ್ಲ, ನ್ಯಾಯವೇ. ಎರಡು ಪರದೆಗಳನ್ನು ಒಂದಡಿ ಒಂದರ ಮೇಲೊಂದು ಬರುವಂತೆ ಕಟ್ಟಿ, ಕತ್ತಿ ಆ ಸಂದಿನಲ್ಲಿ ಹೋಗಲಿ, ನಟ ಪಕ್ಕಕ್ಕೆ ನಿಂತಿರಲಿ. ಬೀಳುವಾಗ ಪರದೆ ಜಗ್ಗುತ್ತಾನೆ, ಆದ್ದರಿಂದ ಅವರು ಕೊಡುವ ಬಿದಿರಿನ ಗಳ ಬೇಡ, ಜಿಐ ಪೈಪ್ ಹಾಕಿಸಿ.

ತಲೆಬುರುಡೆ ಇದೆ, ಕಾಳಿಯ ಕೊರಳಿನದು, ಕಣ್ಣಿಗೆ ಕೆಂಪು ಬಲ್ಬ್. ಬಲ್ಬ್ ಕೀಳಿಸಿ. ಆಸ್ಥಾನದ ವಿದೂಷಕನಾಗಿದ್ದ ಯಾರಿಕ್‌ನ ಬುರುಡೆ 23 ವರ್ಷ ಮಣ್ಣಲ್ಲಿದ್ದದ್ದು. ಚಹಾ ಡಿಕಾಕ್ಷನ್ ಎರಡು ಸಲ ಬಳಿದು ಕೆಮ್ಮಣ್ಣು ತಿಕ್ಕಿದರೆ ಬಣ್ಣ ಸರಿಬರುತ್ತದೆ. ಗೋರಿ ತೋಡುವವನು ಎಸೆಯುವ ಬುರುಡೆ ಮಾತ್ರ ಫೈಬರ್‌ನದೇ ಆಗಲಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದೇ ಏಟಿಗೆ ಪುಡಿ.

ಸೈನಿಕರ ನಾಲ್ಕು ಸೆಟ್ ಅಗ್ಗ, ಚೆನ್ನಾಗಿಯೂ ಇವೆ. ಪೂರ್ತಿ ಆಡಿದರೆ ನಾಲ್ಕು ಗಂಟೆಯ ನಾಟಕವೆಂದು ಬಹಳ ತಂಡಗಳು ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ನನ್ನೇ ಕತ್ತರಿಸುತ್ತವೆ. ಬೇಡ. ಹ್ಯಾಮ್ಲೆಟ್‌ನ ಹೆಣ ಹೊರುವವರು ಆ ನಾಲ್ವರೇ, ಮತ್ತು ಖಾಲಿ ಸಿಂಹಾಸನಕ್ಕೆ ಹೊರಗಿನವನು ಬಂದು ಕೂರುವುದು ಕಾಣದಿದ್ದರೆ ಇಷ್ಟೆಲ್ಲ ದಾಯಾದಿ ಜಗಳವಾಗಿ ಉಳಿಯುತ್ತದೆ.

ಮುದ್ರೆಯುಂಗುರ ಅಲ್ಲಿಲ್ಲ. ಇರುವುದು ಕಲ್ಲಿನ ಶಕುಂತಲೆ ಉಂಗುರ. ಇಬ್ಬರು ಗೆಳೆಯರನ್ನು ಇಂಗ್ಲೆಂಡಿನಲ್ಲಿ ಸಾಯಿಸುವ ಕಳ್ಳಪತ್ರಕ್ಕೆ ಹ್ಯಾಮ್ಲೆಟ್ ಒತ್ತುವುದು ಅಪ್ಪನ ಮುದ್ರೆ. ಇಂಗ್ಲೆಂಡಿಗೆ ಹೋಗುವ ಹಡಗಿನ ಆ ಘಟನೆ ಬಾಯಿಮಾತಲ್ಲೇ ಬರುವುದಾದರೂ, ಮೊದಲ ಅಂಕದಿಂದ ಬೆರಳಲ್ಲಿ ಅದು ಕಾಣುತ್ತಿದ್ದರೆ ಮಾತಿಗೆ ಸಾಕ್ಷಿ ಇರುತ್ತದೆ. ಅಗಲ ಮುಖದ ತಾಮ್ರದ ಉಂಗುರ ಮಾಡಿಸಿಕೊಳ್ಳಿ, ಸತ್ತ ರಾಜನಾಗುವ ನಟನ ಬೆರಳಿಗೂ ಅಂಥದ್ದೇ ಒಂದು.

ವಾಪಸ್ ಕೊಡುವಾಗ ನಿಲುವಂಗಿಗಳನ್ನು ಬಿಸಿಲಿಗೆ ಹಾಕಿಯೇ ಮಡಚಿ. ಬೂಷ್ಟು ಮೊದಲೇ ಇತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒಯ್ಯುವ ದಿನ ಕೌಂಟರಿನ ಮೇಲೆ ಹರಡಿ ಫೋಟೋ ತೆಗೆದಿದ್ದರೆ ನಡೆಯುತ್ತದೆ.