ಮದುವೆಯ ಮೊದಲು, ಮದುವೆಯ ನಂತರ: ತೆಂಕಪೇಟೆಯ ಒಂದು ಪುಸ್ತಕದಂಗಡಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಕಾರು ತೆಗೆದುಕೊಂಡು ಹೋಗಬೇಡಿ. ಉಡುಪಿ ತೆಂಕಪೇಟೆಯ ಆ ಓಣಿಯಲ್ಲಿ ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಹೋಗಬೇಕು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದುಕೊಂಡು ಬನ್ನಿ.

ಬೋರ್ಡು ಇದೆ, ಆದರೆ ಮಳೆಗೆ ಬಣ್ಣ ಹೋಗಿ ಎರಡು ಅಕ್ಷರ ಮಾತ್ರ ಉಳಿದಿದೆ. ಊರಿನವರಿಗೆ ಅದು ಮಾಷ್ಟ್ರ ಅಂಗಡಿ. ನಾನು ಹೀಗೆ ಬರೆಯುತ್ತೇನೆ ಎಂದಾಗ ಮಾಷ್ಟ್ರು, "ಹೆಸರು ಗಿಸರು ಬೇಡ ಮಾರಾಯ್ತಿ. ಬೇಕಾದವರು ಕೇಳಿಕೊಂಡು ಬರ್ತಾರೆ" ಎಂದರು. ಹಾಗಾಗಿ ಹಾಕುವುದಿಲ್ಲ. ಓಣಿಯ ಬಾಯಿಯಲ್ಲಿ ಹೂ ಮಾರುವವರನ್ನು ಕೇಳಿ, ಅವರು ತೋರಿಸುತ್ತಾರೆ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ನಾನು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯದ ದುಡ್ಡು, ಕಲೆಕ್ಷನ್ ಮಾಡುವವಳು, ಮಾಷ್ಟ್ರು ನನ್ನ ಗಿರಾಕಿ. ದಿನಕ್ಕೆ 50 ರೂಪಾಯಿ ಕಟ್ಟುತ್ತಾರೆ. ಈ ಪಿಗ್ಮಿ ಎಂಬುದು ಹುಟ್ಟಿದ್ದೇ ನಮ್ಮಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ಆಗ ದಿನಕ್ಕೆ ಎರಡಾಣೆ ಕಟ್ಟಿದರೆ ಸಾಕಿತ್ತಂತೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೂ ಮನೆ ಮನೆ, ಅಂಗಡಿ ಅಂಗಡಿ ತಿರುಗುವ ನಮ್ಮಂಥವರು ಇನ್ನೂ ಇದ್ದೇವೆ. ನನ್ನ ಹೊಗಳಿಕೆಯಲ್ಲಿ ಗಿರಾಕಿಯ ಮುಲಾಜು ಒಂದಿಷ್ಟು ಇರಬಹುದು. ಅಷ್ಟನ್ನು ಕಳೆದು ಓದಿಕೊಳ್ಳಿ.

ಮೊದಲ ಆರು ತಿಂಗಳು ನಾನು ಹೊಸ್ತಿಲಲ್ಲೇ ನಿಂತು ದುಡ್ಡು ಎಣಿಸಿ ಹೋಗುತ್ತಿದ್ದೆ. ಒಂದು ಜುಲೈ ಮಧ್ಯಾಹ್ನ ಮಳೆ ಎಷ್ಟು ಜೋರಾಗಿತ್ತೆಂದರೆ ಓಣಿಯಲ್ಲಿ ಚಪ್ಪಲಿ ತೇಲಿಕೊಂಡು ಹೋಗುತ್ತಿತ್ತು. ಕೊಡೆಯನ್ನು ಬಾಗಿಲಲ್ಲಿದ್ದ ಬಕೆಟ್ಟಿನಲ್ಲಿ ಹಾಕಿ ಒಳಗೆ ಹೋದೆ. ಎರಡು ಕೋಣೆ, ಮೇಲೆ ಹೆಂಚು. ಬಜೆ ಬೇರಿನ ವಾಸನೆ. ಹುಳ ಬಾರದಿರಲಿ ಎಂದು ಪ್ರತಿ ಶೆಲ್ಫಿನಲ್ಲೂ ಒಂದು ತುಂಡು ಇಟ್ಟಿದ್ದಾರೆ. ಹಳೆಯ ಪುಸ್ತಕಗಳ ಕಪಾಟಿನೊಳಗೆ ಹಳದಿ ಬಲ್ಬು ಉರಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮಮ್ಮ ರೇಷ್ಮೆ ಸೀರೆಯ ಕಪಾಟಿಗೆ ಮಾಡುತ್ತಿದ್ದ ಉಪಾಯವೇ ಇದು.

ಆಮೇಲೆ ಕಣ್ಣಿಗೆ ಬಿದ್ದದ್ದು ಚೀಟಿಗಳು. ಬೇರೆ ಅಂಗಡಿಗಳಲ್ಲಿ ಕಾದಂಬರಿ, ಕಥಾಸಂಕಲನ, ಅನುವಾದ ಎಂದೆಲ್ಲ ಇರುತ್ತದೆ ಅಲ್ವಾ? ಇಲ್ಲಿ ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ, ಶಾಲೆಯ ಬೋರ್ಡಿನ ಮೇಲೆ ಬರೆದಂತಹ ದುಂಡಕ್ಷರದಲ್ಲಿ, ಮೂರು ಶೆಲ್ಫಿಗೆ ಮೂರು ಹೆಸರು. 'ಮದುವೆಯ ಮೊದಲು'. 'ಮದುವೆಯ ನಂತರ'. 'ಮದುವೆಯೇ ಆಗದವರು'.

ನನಗೆ 48 ವರ್ಷ. ಮದುವೆ ಆಗಿಲ್ಲ. ಪ್ರೇಮಕತೆ ಓದುತ್ತೇನೆ ಎಂದರೆ ಜನ ಒಂಥರಾ ನೋಡುತ್ತಾರೆ. ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಒಮ್ಮೆ, "ಒಳ್ಳೆಯ ಲವ್ ಸ್ಟೋರಿ ಇದ್ದರೆ ಕೊಡಿ" ಎಂದಾಗ ಆ ಹುಡುಗ, "ಮಗಳಿಗಾ ಮೇಡಂ?" ಎಂದಿದ್ದ. ಮಾಷ್ಟ್ರು ಹಾಗೆಲ್ಲ ಕೇಳಲಿಲ್ಲ. "ಕೊನೆಗೆ ಒಂದಾಗಬೇಕಾ, ಆಗದಿದ್ದರೂ ನಡೀತದಾ?" ಎಂದು ಕೇಳಿದರು. ಅಷ್ಟೇ. ಔಷಧಿ ಅಂಗಡಿಯವರು ಊಟಕ್ಕೆ ಮೊದಲೋ ನಂತರವೋ ಎಂದು ವಿಚಾರಿಸುವ ಧಾಟಿಯಲ್ಲಿ. ನಾನು "ಆಗದಿದ್ದರೂ ನಡೀತದೆ" ಎಂದೆ. ಎರಡು ಪುಸ್ತಕ ತೆಗೆದು ಮುಂದಿಟ್ಟು, "ಹತ್ತು ಹತ್ತು ಪುಟ ಓದಿ. ಮಳೆ ಬಿಡ್ಲಿಕ್ಕೆ ಇನ್ನೂ ಉಂಟು" ಎಂದು ಸ್ಟೂಲು ಎಳೆದುಕೊಟ್ಟರು.

ಈ ಅಂಗಡಿಯ ಮುಖ್ಯ ಗುಣ ಈ ಹತ್ತು ಪುಟವೇ. ಎಷ್ಟು ಹೊತ್ತು ಕೂತರೂ ಏನೂ ಅನ್ನುವುದಿಲ್ಲ. ಓದಿ ವಾಪಸ್ ಇಟ್ಟರೆ ಮಾತ್ರ, "ಎಲ್ಲಿ ಬೋರಾಯ್ತು?" ಎಂದು ಕೇಳುತ್ತಾರೆ. ಹೇಳಲೇಬೇಕು. ಹೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ನಾನು ಒಮ್ಮೆ, "ನಾಯಕ ಮೊದಲ ಪುಟದಲ್ಲೇ ಕಾರಿಂದ ಇಳಿದ, ಅದಕ್ಕೇ ಬಿಟ್ಟೆ" ಎಂದಿದ್ದೆ. ಆಮೇಲೆ ಅವರು ಕೊಟ್ಟ ಯಾವ ಪುಸ್ತಕದಲ್ಲೂ ನಾಯಕನಿಗೆ ಕಾರಿಲ್ಲ. ಈ ಎರಡು ವರ್ಷದಲ್ಲಿ ನಾನು ಹೆಸರೇ ಕೇಳಿರದ ಹನ್ನೊಂದು ಹೊಸ ಲೇಖಕರನ್ನು ಓದಿದ್ದೇನೆ. ಅದರಲ್ಲಿ ಮೂವರು ಇಷ್ಟವಾಗಲಿಲ್ಲ. ಮಾಷ್ಟ್ರಿಗೂ ಆಗಿರಲಿಲ್ಲವಂತೆ, "ನಿಮಗಾದರೂ ಆಗ್ತದಾ ನೋಡುವ ಅಂತ ಕೊಟ್ಟದ್ದು" ಎಂದರು.

ವಿಂಗಡಣೆಯ ಬಗ್ಗೆ ಜಗಳವೂ ಆಗುತ್ತದೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯನ್ನು ನಾನು ಶಾಲೆಯಲ್ಲಿ ಒಂದು ಮಾರ್ಕಿನ ಪ್ರಶ್ನೆಗೆ ಉರು ಹೊಡೆದಿದ್ದೆ: ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, 1899, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್. ಅದನ್ನು ಇವರು ಪ್ರೇಮಕತೆಗಳ ಜೊತೆ ಇಟ್ಟಿದ್ದಾರೆ! ಕೇಳಿದರೆ, "ಓದಿದ್ದೀರಾ?" ಎಂದರು. ಓದಿರಲಿಲ್ಲ. ಓದಿದೆ. ಎಳೆ ವಯಸ್ಸಿನ ವಿಧವೆಯೊಬ್ಬಳು ಓದು ಕಲಿತು, ಮತ್ತೆ ಮದುವೆಯಾಗುವ ಕತೆ. ಹಳೆಯ ಕನ್ನಡ, ಮೊದಲ ಮೂವತ್ತು ಪುಟ ಕಲ್ಲುದಾರಿಯಲ್ಲಿ ಸೈಕಲ್ ಬಿಟ್ಟ ಹಾಗೆ. ಆದರೆ ಮಠ, ಮನೆ, ದುಡ್ಡು, ಗಾಳಿಮಾತು ಎಲ್ಲ ಈಗ ನಾನು ದಿನಾ ತಿರುಗುವ ಬೀದಿಗಳದ್ದೇ ಅನಿಸಿತು. ಸರಿ, ಪ್ರೇಮಕತೆಯೇ ಇರಲಿ, ಆದರೆ ಯಾವ ಶೆಲ್ಫಿಗೆ? ಮೊದಲ ಮದುವೆಯ ನಂತರ, ಎರಡನೆಯದರ ಮೊದಲು! ಮಾಷ್ಟ್ರು ಎರಡು ದಿನ ಯೋಚಿಸಿ ಎರಡು ಶೆಲ್ಫಿನಲ್ಲೂ ಒಂದೊಂದು ಪ್ರತಿ ಇಟ್ಟರು.

ಹೊಸ ಪುಸ್ತಕಗಳಿಗೆ ಹತ್ತು ಪರ್ಸೆಂಟ್ ರಿಯಾಯಿತಿ. ಹಳೆಯವನ್ನು ಓದಲು ಕೊಡುತ್ತಾರೆ, ವಾರಕ್ಕೆ 20 ರೂಪಾಯಿ, ಠೇವಣಿ 300. ಬಾಡಿಗೆ ಪುಸ್ತಕಗಳಲ್ಲಿ ತ್ರಿವೇಣಿಯವರದ್ದು ಎಲ್ಲಕ್ಕಿಂತ ಜಾಸ್ತಿ ಸವೆದಿವೆ. ಅವರು ತೀರಿಕೊಂಡದ್ದು 1963ರಲ್ಲಿ, ಮೂವತ್ತೈದರ ಒಳಗೆ. ಅಷ್ಟರಲ್ಲೇ ಇಷ್ಟು ಬರೆದಿದ್ದರು. ನಮ್ಮಮ್ಮನೂ ಓದುತ್ತಿದ್ದದ್ದು ಹೀಗೆ, ಸರ್ಕ್ಯುಲೇಟಿಂಗ್ ಲೈಬ್ರರಿಯ ದಪ್ಪ ರಟ್ಟು ಹಾಕಿಸಿದ ಪ್ರತಿಗಳಲ್ಲಿ.

ಈಗ ನನ್ನ ದೊಡ್ಡ ದೂರು. ಬಾಡಿಗೆಗೆ ತಂದ ಒಂದು ಹಳೆಯ ಕಾದಂಬರಿ (ಹೆಸರು ಬೇಡ, ನೀವೂ ಓದುವವರಿರಬಹುದು) ರಾತ್ರಿ ಒಂದು ಗಂಟೆಗೆ ನಿಂತುಹೋಯಿತು. ಕೊನೆಯ ನಾಲ್ಕು ಪುಟವೇ ಇಲ್ಲ. ರಟ್ಟಿನ ಒಳಬದಿಯಲ್ಲಿ ಚೀಟಿ: 'ಕೊನೆಯ 4 ಪುಟ ಇಲ್ಲ. ಬೇಕಾದವರು ಕೇಳಿದರೆ ಹೇಳುತ್ತೇನೆ.' ಚೀಟಿಯನ್ನು ಮುಂದಿನ ರಟ್ಟಿನಲ್ಲಿ ಅಂಟಿಸುವುದು ಬಿಟ್ಟು ಹಿಂದೆ ಅಂಟಿಸಿದ್ದಾರೆ ಪುಣ್ಯಾತ್ಮರು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನ್ ಮಾಡಿದೆ. ಮಾಷ್ಟ್ರು ಬಹಳ ಚೆನ್ನಾಗಿ ಹೇಳಿದರು. ಸ್ಟೇಷನ್ನು, ರೈಲು, ಅವಳು ಕಿಟಕಿಯಿಂದ ಕೈ ಚಾಚಿದ್ದು. ನನಗೆ ಕಣ್ಣಲ್ಲಿ ನೀರು.

ಮೂರು ತಿಂಗಳಾದ ಮೇಲೆ ಅದೇ ಕಾದಂಬರಿಯ ಪೂರ್ತಿ ಪ್ರತಿ ಕುಂಜಿಬೆಟ್ಟಿನ ಒಬ್ಬರ ಮನೆಯಲ್ಲಿ ಸಿಕ್ಕಿತು. ಪಿಗ್ಮಿ ಬರೆಯುವುದು ಬಿಟ್ಟು ಕೊನೆಯ ಪುಟ ತೆಗೆದೆ. ಸ್ಟೇಷನ್ನೂ ಇಲ್ಲ, ರೈಲೂ ಇಲ್ಲ. ಅವಳು ಅವನಿಗೊಂದು ಕಾಗದ ಬರೆದು ಅಡುಗೆಮನೆಗೆ ಹೋಗುತ್ತಾಳೆ, ಅಷ್ಟೇ. ನೇರ ಅಂಗಡಿಗೆ ಹೋಗಿ ಕೇಳಿದೆ. ಮಾಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, "ಹೌದಾ? ನನಗೆ ಹಾಗೆ ನೆನಪಿತ್ತು ಮಾರಾಯ್ತಿ" ಎಂದರು. ಒಂದು ನಿಮಿಷ ಬಿಟ್ಟು, "ನಿಮಗೆ ಯಾವುದು ಹಿಡಿಸಿತು?" ಎಂದರು. ನಾನು ಉತ್ತರ ಕೊಡಲಿಲ್ಲ. ಇದಕ್ಕೆ ಒಂದು ಸ್ಟಾರ್ ಕಡಿತ.

ಚಿತ್ರಕಲೆಯ ಪುಸ್ತಕಗಳು ಒಳಕೋಣೆಯಲ್ಲಿವೆ. ಜಾಸ್ತಿ ಇಲ್ಲ, ನಲವತ್ತು ಇರಬಹುದು. ಮೂರು ನಾಲ್ಕು ಮಾರಾಟಕ್ಕಲ್ಲ, ವ್ಯಾಸಪೀಠದ ಮೇಲೆ ಇಟ್ಟು ನೋಡಲಿಕ್ಕೆ ಮಾತ್ರ. ಕೈ ತೊಳೆದು ಮುಟ್ಟಬೇಕು. ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ ತಿಂದು ನೇರ ಇಲ್ಲಿಗೆ ಬರುವವರು ಜಾಸ್ತಿಯಾದ್ದರಿಂದ ಈ ನಿಯಮ. ಅಲ್ಲಿ ನಾನು ಮೊದಲ ಸಲ ಕೆ.ಕೆ. ಹೆಬ್ಬಾರರ ಗೆರೆಗಳನ್ನು ಸರಿಯಾಗಿ ನೋಡಿದೆ. ಹೆಬ್ಬಾರರು ಇಲ್ಲೇ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು, ಮುಂಬಯಿಗೆ ಹೋಗಿ ದೊಡ್ಡ ಕಲಾವಿದರಾದವರು. ಇಷ್ಟು ಗೊತ್ತಿತ್ತು. ಆದರೆ ಕುಣಿಯುವವಳನ್ನೋ ಮದ್ದಳೆ ಬಾರಿಸುವವನನ್ನೋ ನಾಲ್ಕೇ ಗೆರೆಯಲ್ಲಿ ಹಿಡಿಯುತ್ತಿದ್ದರು ಎಂದು ಗೊತ್ತಿರಲಿಲ್ಲ. ರೇಖಾಚಿತ್ರಗಳ ಪುಸ್ತಕಕ್ಕೆ ಅವರಿಟ್ಟ ಹೆಸರೇ 'ದಿ ಸಿಂಗಿಂಗ್ ಲೈನ್'.

ಇನ್ನೊಂದು, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಚಿತ್ರಗಳದ್ದು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅಲ್ಲಿನ ಗೋಡೆ, ಮಾಡು ಎಲ್ಲ ತುಂಬುವ ಹಾಗೆ ಚಿತ್ರ ಬರೆದದ್ದು ಸುಮಾರು ಇಂದಿರಾಬಾಯಿ ಅಚ್ಚಾದ ಕಾಲದಲ್ಲೇ. ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು ವಿಧವೆಯ ಮದುವೆಯ ಕತೆ ಜೋಡಿಸುತ್ತಿದ್ದರು, ಅಲ್ಲೇ ಹತ್ತಿರ ಲೈಟ್‌ಹೌಸ್ ಹಿಲ್ಲಿನಲ್ಲಿ ಒಬ್ಬ ಇಟಲಿಯವನು ಅಟ್ಟಣಿಗೆ ಹತ್ತಿ ಬಣ್ಣ ಬಳಿಯುತ್ತಿದ್ದ. ಅವರು ಎಂದಾದರೂ ರಸ್ತೆಯಲ್ಲಿ ಎದುರಾಗಿರಬಹುದಾ? ಇದರ ಮೇಲೆ ಯಾರಾದರೂ ಒಂದು ಕಾದಂಬರಿ ಬರೆಯಬೇಕು. ನಾನಂತೂ ಆ ಪುಸ್ತಕ ನೋಡಿದ ಮುಂದಿನ ಭಾನುವಾರವೇ ಎಕ್ಸ್‌ಪ್ರೆಸ್ ಬಸ್ ಹತ್ತಿ ಹೋಗಿ, ಕತ್ತು ನೋಯುವವರೆಗೆ ಮಾಡು ನೋಡಿ ಬಂದೆ.

ಇನ್ನು ಸಂಗೀತ. ನಾಲ್ಕನೇ ಶನಿವಾರ ಸಂಜೆ ಐದೂವರೆಗೆ ಚಾಪೆ ಹಾಸುತ್ತಾರೆ. ಮೈಕ್ ಇಲ್ಲ, ಟಿಕೆಟ್ ಇಲ್ಲ, ಚಾ ಇದೆ. ಎಲ್ಲ ಸಲವೂ ಚೆನ್ನಾಗಿರುತ್ತದೆ ಎನ್ನಲಾರೆ. ಒಮ್ಮೆ ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳ ಕರೆಸಿದ್ದರು. ಶೃಂಗಾರದ ಪದ ಬರುವವರೆಗೆ ಭಾಗವತರು, ಮದ್ದಳೆ, ತಾಳ, ಎಲ್ಲ ಸುಖವಾಗಿತ್ತು. ಯುದ್ಧದ ಪದಕ್ಕೆ ಚಂಡೆ ಎತ್ತಿದ ಕೂಡಲೇ ಆ ಪುಟ್ಟ ಕೋಣೆಯಲ್ಲಿ ಶೆಲ್ಫು ನಡುಗಿ 'ಮದುವೆಯ ನಂತರ'ದಿಂದ ಎರಡು ಪುಸ್ತಕ ಕೆಳಗೆ ಬಿದ್ದವು. ಚಂಡೆಯವರನ್ನು ಜಗಲಿಗೆ ಕೂರಿಸಿದರು. ಆಗ ಓಣಿಯ ನಾಯಿಗಳು ಶುರು ಮಾಡಿದವು.

ಆದರೆ ಇಬ್ಬರು ಅಜ್ಜಿಯರು ಬಂದ ಶನಿವಾರವನ್ನು ನಾನು ಮರೆಯುವುದಿಲ್ಲ. ಶ್ರುತಿಪೆಟ್ಟಿಗೆ ಕೂಡ ಇರಲಿಲ್ಲ. ಗೋಡೆಗೆ ಒರಗಿ ಕೂತು ಲಕ್ಷ್ಮೀಶೋಭಾನೆ ಹಾಡಿದರು. ಸೋದೆ ಮಠದ ವಾದಿರಾಜರು ಕಟ್ಟಿದ ಹಾಡು. ಉಡುಪಿಗೆ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯದ ಪದ್ಧತಿ ತಂದವರೂ ಅವರೇ. ಮದುವೆಮನೆಗಳಲ್ಲಿ ನೂರು ಸಲ ಕೇಳಿದ್ದೇನೆ, ಆದರೆ ಅಲ್ಲಿ ಯಾರು ಕಿವಿಗೊಡುತ್ತಾರೆ, ಓಲಗ, ಊಟದ ಗಡಿಬಿಡಿ. ಇಲ್ಲಿ ಸುಮ್ನೆ ಕೂತು ಕೇಳಿದೆ. ಸಮುದ್ರ ಕಡೆದಾಗ ಹುಟ್ಟಿದ ಲಕ್ಷ್ಮಿ ಮಾಲೆ ಹಿಡಿದು ನಿಂತಿದ್ದಾಳೆ. ದೇವತೆಗಳೆಲ್ಲ ಸಾಲಾಗಿದ್ದಾರೆ. ಅವಳು ಒಬ್ಬೊಬ್ಬರನ್ನೇ ನೋಡುತ್ತಾಳೆ, ಒಬ್ಬೊಬ್ಬರಲ್ಲೂ ಒಂದೊಂದು ಕೊರತೆ ಕಾಣುತ್ತಾಳೆ, ಮುಂದೆ ಹೋಗುತ್ತಾಳೆ. ಕೊನೆಗೆ ಹರಿಯ ಕೊರಳಿಗೆ ಹಾಕುತ್ತಾಳೆ. ಹಾಡು ನಡೆಯುತ್ತಿರುವಾಗ ನನ್ನ ಪಕ್ಕ ಕೂತ ಕಾಲೇಜು ಹುಡುಗಿ ಫೋನ್ ಕೆಳಗಿಟ್ಟು ಪಿಸುಗುಟ್ಟಿದಳು: "ಅಕ್ಕ, ಇವಳು ಎಷ್ಟು ಜನರನ್ನು ರಿಜೆಕ್ಟ್ ಮಾಡಿದ್ಲು!"

ಮರುದಿನ ನೋಡಿದರೆ ಲಕ್ಷ್ಮೀಶೋಭಾನೆಯ ಸಣ್ಣ ಪುಸ್ತಕ, 20 ರೂಪಾಯಿಯದ್ದು, ಪೂಜೆಯ ಪುಸ್ತಕಗಳ ನಡುವಿನಿಂದ ಎದ್ದು ಬಂದು 'ಮದುವೆಯ ಮೊದಲು' ಶೆಲ್ಫಿನಲ್ಲಿ ಕೂತಿತ್ತು.

ಚಿಕ್ಕಪುಟ್ಟ ಕೊರತೆಗಳು ಬೇಕಾದಷ್ಟಿವೆ. ಒಂದರಿಂದ ನಾಲ್ಕು ಗಂಟೆಯವರೆಗೆ ಬಾಗಿಲು ಹಾಕುತ್ತಾರೆ, ಮಳೆ ಜೋರಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಸೋಮವಾರ ರಜೆ. ಫೋನಿನಲ್ಲಿ ದುಡ್ಡು ಕಳಿಸಬೇಕಾದರೆ ಸೊಸೆ ಇರಬೇಕು, ದುಡ್ಡು ಬಂತೆಂದು ಆ ಪೆಟ್ಟಿಗೆ ಮಾತಾಡುವುದು ಕಂಡರೆ ಮಾಷ್ಟ್ರಿಗೆ ಆಗುವುದಿಲ್ಲ. ಆರ್ಡರ್ ಕೊಟ್ಟ ಪುಸ್ತಕ ಬೆಂಗಳೂರಿನಿಂದ ಬರಲು ಹತ್ತು ದಿನ, ಅದೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ. ನನ್ನದನ್ನು ಎರಡು ಸಲ ಮರೆತಿದ್ದಾರೆ. 2025ರಲ್ಲಿ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ, ದೀಪಾ ಭಾಸ್ತಿ ಮಾಡಿದ್ದಕ್ಕೆ, ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಆಗ ಎಲ್ಲರೂ ಇಂಗ್ಲಿಷಿನದ್ದೇ ಕೇಳಿಕೊಂಡು ಬಂದರು. ಮಾಷ್ಟ್ರು ಮೊದಲು ಕನ್ನಡದ್ದನ್ನು ಕೈಗಿಟ್ಟು ಹತ್ತು ಪುಟ ಓದಿಸುತ್ತಿದ್ದರು. ಕೆಲವರಿಗೆ ಸಿಟ್ಟು ಬಂತು. ಸೊಸೆ ಮಾತ್ರ ನಗುತ್ತಾ ಎರಡನ್ನೂ ಮಾರಿದಳು.

ಐದರಲ್ಲಿ ನಾಲ್ಕು ಸ್ಟಾರ್. ಈಗ ನನ್ನ ಚೀಲದಲ್ಲಿ 'ಮದುವೆಯೇ ಆಗದವರು' ಶೆಲ್ಫಿನ ಒಂದು ಪುಸ್ತಕ ಇದೆ, ಪಿಗ್ಮಿ ಮಿಶಿನ್ನಿನ ಜೊತೆ. ಬುಧವಾರ ವಾಪಸ್ ಕೊಡಬೇಕು, ಅರವತ್ತು ಪುಟ ಬಾಕಿ. ಈ ಸಲ ಅಂಗಡಿಯಿಂದ ಹೊರಡುವ ಮೊದಲೇ ಕೊನೆಯ ಪುಟ ಉಂಟಾ ಎಂದು ನೋಡಿಕೊಂಡೆ. ಉಂಟು. ನಾನು ನೋಡುವುದನ್ನು ಮಾಷ್ಟ್ರು ನೋಡಿದರು, ಏನೂ ಹೇಳದೆ 50 ರೂಪಾಯಿ ಮುಂದಿಟ್ಟರು.