ನಡುಹಗಲಲ್ಲಿ ಗಾಡಿ ತೊಳೆಸಿ ಬಣ್ಣ ಕಳೆದುಕೊಂಡೆ

ಟೆಂಪೋ ಟ್ರಾವೆಲರ್ ಕೊಂಡು, ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಮೋಟರ್‌ಹೋಮ್ ಮಾಡಿಸಿಕೊಂಡವನು ನಾನು. ಬಣ್ಣ ಕಡುನೀಲಿ. ವಿಜಯಪುರದ ಬಿಸಿಲಿಗೆ ಈ ಬಣ್ಣ ಬೇಡ ಎಂದು ಹೆಂಡತಿ ಹೇಳಿದ್ದಳು, ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಬಾದಾಮಿ, ಪಟ್ಟದಕಲ್ಲು ಸುತ್ತಿ ಮರಳುವಾಗ ಅಡ್ಡಮಳೆ ಸಿಕ್ಕಿತು. ಗಾಡಿಯ ಸೊಂಟದವರೆಗೆ ಎರೆಮಣ್ಣಿನ ರಾಡಿ. ಊರು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ದಾರಿ ಬದಿಯ ಸರ್ವೀಸಿಂಗ್ ಅಂಗಡಿಯೊಂದರಲ್ಲಿ ನಿಲ್ಲಿಸಿದೆ. ತಗಡಿನ ಮೇಲೆ ಕೈಯಿಟ್ಟರೆ ರೊಟ್ಟಿಯ ಹಂಚು. ಹುಡುಗ ಇಡೀ ಗಾಡಿಗೆ ಒಮ್ಮೆಲೇ ನೊರೆ ಹೊಡೆದ. ಎಡಬದಿ ತೊಳೆದು ಬಲಬದಿಗೆ ಬರುವಷ್ಟರಲ್ಲಿ ಅಲ್ಲಿಯ ನೊರೆ ಒಣಗಿ ಬಿಳಿ ಚಕ್ಕೆಯಾಗಿತ್ತು. ಮೇಲಿಂದ ಬೋರಿನ ನೀರು ಬಿಟ್ಟ, ಮುಗಿಯಿತು.

“ಒರೆಸುವುದಿಲ್ಲವೇನಪ್ಪ?” ಎಂದೆ.

“ಇಂಥ ಬಿಸಿಲಿಗೆ ತಾನೇ ಒಣಗುತ್ತದೆ ಕಾಕಾ. ಇಷ್ಟು ಎತ್ತರದ ಗಾಡಿ ಯಾರು ಒರೆಸುತ್ತಾರೆ?”

ಅದೂ ನಿಜವೆನಿಸಿ ಚಹಾ ಕುಡಿಯಲು ಹೋದೆ. ಈ ಕಥೆಯಲ್ಲಿ ಅರ್ಧ ತಪ್ಪು ಆ ಚಹಾದ್ದು.

ಸಂಜೆ ಓರೆ ಬೆಳಕಿನಲ್ಲಿ ನೋಡಿದರೆ ನೀಲಿಯ ತುಂಬ ಬಿಳಿ ಉಂಗುರಗಳು, ಹಪ್ಪಳದ ಗುಳ್ಳೆಗಳಂತೆ. ನಮ್ಮ ಕಡೆಯ ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ನೀರು ಆರಿ ಹೋಗುತ್ತದೆ, ಲವಣ ಉಳಿಯುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಸುಣ್ಣವೂ ಇದೇ. ಕಾದ ತಗಡಿನ ಮೇಲೆ ಅದು ಬರೀ ಕೂರುವುದಿಲ್ಲ, ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟನ್ನು ಕೊರೆದು ಇಳಿಯುತ್ತದೆ.

ಅಷ್ಟಕ್ಕೇ ನಿಂತಿದ್ದರೆ ಬಚಾವಾಗುತ್ತಿದ್ದೆ. ಹೊಸ ಕಲೆಯಾಗಿದ್ದರೆ ಬಿಳಿ ವಿನೆಗರಿಗೆ ಸಮಪಾಲು ನೀರು ಬೆರೆಸಿ, ನೆರಳಿನಲ್ಲಿ ಒರೆಸಿ, ಕೂಡಲೇ ತೊಳೆದರೆ ಬಹುಪಾಲು ಹೋಗುತ್ತದೆ. ಅದು ಗೊತ್ತಾಗಿದ್ದು ಆಮೇಲೆ. ನಾನು ಪಾಲಿಶ್ ಮಾಡುವವನನ್ನು ಕರೆಸಿದೆ. ಅವನು ಬಣ್ಣದ ಮೇಲ್ಮೈ ಉಜ್ಜಿ ಸವೆಸುವ ರಬ್ಬಿಂಗ್ ಕಾಂಪೌಂಡ್ ಮೆತ್ತಿ, ಹಿಂಬಾಗಿಲ ಅಂಚಿನ ಮೇಲೆ ಯಂತ್ರವನ್ನು ಒತ್ತಿ ಹಿಡಿದ. ಯಂತ್ರದ ಬಿಳಿ ಉಣ್ಣೆ ನೋಡನೋಡುತ್ತಲೇ ನೀಲಿಯಾಯಿತು. ನೀಲಿ ಬಂತೆಂದರೆ ಮೇಲಿನ ಕೋಟು ಸವೆದು ಅಡಿಯ ಬಣ್ಣವೇ ಕಿತ್ತು ಬರುತ್ತಿದೆ ಎಂದರ್ಥ. ಆ ಕೋಟು ತಲೆಗೂದಲಿಗಿಂತ ತೆಳು, ತಗಡು ಮಡಿಚುವ ಅಂಚುಗಳಲ್ಲಂತೂ ಇನ್ನೂ ತೆಳು. ನಿಲ್ಲಿಸು ಎಂದು ಕೂಗಿದಾಗ ಅಂಗೈಯಗಲ ಹೋಗಿತ್ತು.

ವಾರದ ನಂತರ ಒಳಗಿನ ಪ್ಲೈವುಡ್ ಚಾವಣಿಯಲ್ಲಿ ಕಂದು ಕಲೆ. ಮೇಲಿನ ಗಾಳಿಕಿಂಡಿಯ ಅಂಚಿಗೆ ಹುಡುಗ ಗೇಣುದ್ದದಿಂದ ನೀರಿನ ಗನ್ ಹಿಡಿದಿದ್ದ, ನೀರು ಒಳಗಿಳಿಯದಂತೆ ಸಂದಿಗೆ ಮೆತ್ತಿದ್ದ ಸೀಲಂಟ್ ಎದ್ದಿತ್ತು. ಗನ್ ಕನಿಷ್ಠ ಎರಡು ಅಡಿ ದೂರವಿರಲಿ, ಅಂಚಿಗೆ ಹಿಡಿಯಲೇ ಬೇಡಿ.

ಈಗ ನಾನೇ ತೊಳೆಯುತ್ತೇನೆ, ಬೆಳಿಗ್ಗೆ ಆರಕ್ಕೆ, ತಗಡು ತಣ್ಣಗಿರುವಾಗ. ಮೊದಲು ಬರೀ ನೀರಿನಿಂದ ರಾಡಿ ಇಳಿಸಬೇಕು. ಮಣ್ಣಿರುವಾಗಲೇ ಉಜ್ಜಿದರೆ ಗೀರು ಖಚಿತ. ಆಮೇಲೆ ಏಣಿ ಹಾಕಿ ಮೇಲಿನಿಂದ ಕೆಳಕ್ಕೆ, ಒಂದೊಂದೇ ಭಾಗ: ಶಾಂಪೂ, ನೀರು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುವುದು. ಒಂದು ಭಾಗ ಒಣಗದೆ ಮುಂದಿನದಕ್ಕೆ ಕೈ ಹಚ್ಚುವುದಿಲ್ಲ. ಬಟ್ಟೆ ಒಗೆಯುವ ಪುಡಿಯ ಹತ್ತಿರವೂ ಹೋಗಬೇಡಿ, ಬಣ್ಣ ಕಾಯಲು ಹಚ್ಚಿದ ಮೇಣವನ್ನು, ಅಂದರೆ ವ್ಯಾಕ್ಸನ್ನು, ಅದು ತೊಳೆದು ಹಾಕುತ್ತದೆ. ಇನ್ನೊಂದು, ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಗಾಡಿಗೆ ಸುರಿಯುವವರು ನಮ್ಮ ಓಣಿಯಲ್ಲೇ ಇದ್ದಾರೆ. ಯಂತ್ರ ಸೋಸಿ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಬೋರಿನ ನೀರಿಗಿಂತ ಅದು ಕೆಟ್ಟದ್ದು. ಬಣ್ಣದ ಮೇಲೆ ಸೆರಾಮಿಕ್ ಕೋಟಿಂಗ್ ಎಂಬ ರಕ್ಷಣೆಯ ಲೇಪ ಮಾಡಿಸಿದರೆ ಒರೆಸುವುದೇ ಬೇಡ ಎನ್ನುವವರನ್ನೂ ನಂಬಬೇಡಿ. ಹನಿ ಉರುಳದೆ ನಿಂತಲ್ಲೇ ಆರಿದರೆ ಅಲ್ಲೂ ಉಂಗುರವೇ.

ಹಿಂಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಾಯಿತು. ಅದು ಪೂರ್ತಿ ಗಟ್ಟಿಯಾಗುವವರೆಗೆ, ಎರಡು ತಿಂಗಳು, ವ್ಯಾಕ್ಸ್ ಹಚ್ಚಬೇಡಿ ಎಂದಿದ್ದಾರೆ ಪೇಂಟರ್. ಬಾಗಿಲ ನೀಲಿಯೇ ಬೇರೆ, ಗಾಡಿಯ ನೀಲಿಯೇ ಬೇರೆ. ಹೆಂಡತಿ ಈವರೆಗೆ ಏನೂ ಅಂದಿಲ್ಲ, ನೋಡಿ ನಗುತ್ತಾಳೆ ಅಷ್ಟೇ.